ಎತ್ತಿಗೆ ಜ್ವರ, ಟೈರಿಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಗಾದೆ ಇದೆಯಲ್ಲ, ಎರಡು ವರ್ಷ ನಾನು ಅದನ್ನೇ ಮಾಡಿಕೊಂಡು ಬಂದೆ. ಜ್ವರ ಬಂದಿದ್ದು ಕಾರಿನ ಸಸ್ಪೆನ್ಷನ್ನಿಗೆ, ನಾನು ಬರೆ ಎಳೆಯುತ್ತಿದ್ದಿದ್ದು ಟೈರಿಗೆ. ಬರೆಯ ಖರ್ಚು ಮಾತ್ರ ಎತ್ತಿನದೂ ಅಲ್ಲ, ಎಮ್ಮೆಯದೂ ಅಲ್ಲ, ನನ್ನದು :-)

2024ರ ಜೂನ್ ತಿಂಗಳು. ಅಮ್ಮನನ್ನು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಶನಿವಾರ ಬೆಂಗಳೂರಿನಿಂದ ಹೊರಟು ತೀರ್ಥಹಳ್ಳಿ ಹತ್ತಿರದ ನಮ್ಮೂರು ಸೇರುವುದು, ಭಾನುವಾರ ಮನೆಯಲ್ಲಿ ಉಳಿಯುವುದು, ಸೋಮವಾರ ನಸುಕಿನಲ್ಲೇ ಆಗುಂಬೆ ಘಾಟಿ ಇಳಿಯುವುದು ಅಂತ ಯೋಚನೆ. ಅರಸೀಕೆರೆ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಮುಂದಿನ ಎಡಗಡೆ ಟೈರಿನ ಗಾಳಿ ಹೋಯಿತು. ಪುಣ್ಯಕ್ಕೆ ಪಂಕ್ಚರ್ ಅಂಗಡಿ ಕಣ್ಣಳತೆಯಲ್ಲೇ ಇತ್ತು. ಅಲ್ಲಿದ್ದ ಹುಡುಗ ಚಕ್ರ ಬಿಚ್ಚಿ ಉರುಳಿಸಿಕೊಂಡು ಹೋದವನು ಅರ್ಧ ದಾರಿಯಲ್ಲೇ ನಿಂತುಬಿಟ್ಟ.

"ಸಾರ್, ಇಲ್ಲಿ ಬನ್ನಿ ಸ್ವಲ್ಪ."

ಹೋಗಿ ನೋಡಿದರೆ ಟೈರಿನ ಹೊರಗಿನ ಅರ್ಧದಲ್ಲಿ ಗೀರುಗಳು ಇನ್ನೂ ಆಳವಾಗಿವೆ, ಒಳಗಿನ ಅಂಚು ಮಾತ್ರ ಪೂರ್ತಿ ಬೋಳು. ಬೋಳು ಅಂದರೆ ಬರೀ ಬೋಳಲ್ಲ, ರಬ್ಬರ್ ಸವೆದು ಒಳಗಿನ ಉಕ್ಕಿನ ತಂತಿ ಅಲ್ಲಲ್ಲಿ ಹಲ್ಲು ಕಿರಿದು ಇಣುಕುತ್ತಿತ್ತು. ದಿನಾ ಬೆಳಿಗ್ಗೆ ಕಾರಿನ ಪಕ್ಕದಲ್ಲೇ ಓಡಾಡುವ ನನಗೆ ಕಾಣುತ್ತಿದ್ದಿದ್ದು ಹೊರಗಿನ ಅಂಚು, ಅದು ಚೆನ್ನಾಗಿಯೇ ಇತ್ತು. "ಪಂಕ್ಚರ್ ಆಗಿದ್ದೇ ಒಳ್ಳೇದಾಯ್ತು ಸಾರ್, ಇಲ್ಲಾಂದ್ರೆ ಇದೇ ಟೈರಲ್ಲಿ ಘಾಟಿ ಇಳೀತಿದ್ರಿ" ಅಂದ ಹುಡುಗ. ಹದಿನಾಲ್ಕು ತಿರುವುಗಳ ಆಗುಂಬೆ, ಜೂನ್ ತಿಂಗಳ ಮಳೆ, ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು.. ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋಯಿತು. ಸುಮ್ಮನೆ ಸ್ಟೆಪ್ನಿ ಹಾಕಿಸಿಕೊಂಡೆ.

ಆ ಟೈರಿಗೆ ಆಗ ಹದಿನಾಲ್ಕು ತಿಂಗಳು, ಹದಿನಾರು ಸಾವಿರ ಕಿಲೋಮೀಟರ್ ಕೂಡ ತುಂಬಿರಲಿಲ್ಲ. ಅದರ ಹಿಂದಿನ ಜೋಡಿಯೂ ಹೀಗೇ ಬೇಗ ಹೋಗಿತ್ತು. ಆಗ ಟೈರ್ ಅಂಗಡಿಯವರು ಹೇಳಿದ್ದು, "ನಮ್ ರೋಡ್ ಗೊತ್ತಲ್ಲ ಸಾರ್!" ರಸ್ತೆಯನ್ನು ಬೈದರೆ ತಲೆ ಆಡಿಸದ ಬೆಂಗಳೂರಿಗ ಯಾರಿದ್ದಾರೆ? ನಾನೂ ಆಡಿಸಿದೆ, ಎಂಟೂವರೆ ಸಾವಿರ ಕೊಟ್ಟು ಎರಡು ಹೊಸ ಟೈರ್ ಹಾಕಿಸಿಕೊಂಡು ಬಂದೆ. ಅಲ್ಲಿಂದ ಈಚೆಗೆ ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ. ಮೂರು ಸಲವೂ ಕಂಪ್ಯೂಟರ್ ಪ್ರಿಂಟ್ ಕೊಟ್ಟಿದ್ದರು, ಟೋ ಅನ್ನುವ ಸಾಲು ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಪರೀಕ್ಷೆ ಪಾಸಾದ ಹುಡುಗನ ಅಂಕಪಟ್ಟಿಯ ಹಾಗೆ ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಪಂಕ್ಚರ್ ಹುಡುಗನ ಮಾತು ಕೇಳಿ ಕಡೂರಿನಲ್ಲಿ ಒಂದು ಶೆಡ್ಡಿಗೆ ಹೋದೆ. ವಯಸ್ಸಾದ ಮೇಸ್ತ್ರಿ. ಕಾರನ್ನು ನೋಡಲೇ ಇಲ್ಲ, ಮೊದಲು ಡಿಕ್ಕಿಯಲ್ಲಿದ್ದ ಆ ಟೈರನ್ನು ಇಳಿಸಿ ಅಂದರು. ಅದರ ಮೇಲೆ ಅಂಗೈ ಆಡಿಸಿದರು. ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ. "ಹಂಪ್ ಹತ್ತಿಳಿಯುವಾಗ ಮುಂದೆ ಟಕ್ ಅನ್ನತ್ತಾ? ಬ್ರೇಕ್ ಹಾಕಿದಾಗ ಸ್ಟೇರಿಂಗ್ ಒಂದು ಕಡೆ ಎಳೆಯತ್ತಾ?" ಎರಡಕ್ಕೂ ಹೌದು ಅಂದೆ. ಆಮೇಲೆ ಕಾರು ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಸಣ್ಣ ಹಾರೆಯಿಂದ ಮುಂದಿನ ಲೋವರ್ ಆರ್ಮನ್ನು ಮೀಟಿದರು. ಅದರ ಬುಡದ ರಬ್ಬರ್ ಬುಷ್ ಹರಿದು, ಮೀಟಿದಾಗಲೆಲ್ಲ ಬಾಯಿ ತೆರೆಯುತ್ತಿತ್ತು. ಎರಡೂ ಕಡೆ ಬುಷ್ ಬದಲಿಸಿ ಸಾವಿರದ ನಾನೂರು ರೂಪಾಯಿ ತಗೊಂಡರು. "ಇದು ಆದ್ಮೇಲೆ ಮಾಡಿಸೋದು ಅಲೈನ್‌ಮೆಂಟು. ಮುಂಚೆ ಮಾಡಿಸಿದ್ದೆಲ್ಲ ನೀರಿನ ಮೇಲೆ ಬರೆದ ಹಾಗೆ" ಅಂದರು. ಶಿವಮೊಗ್ಗದಲ್ಲಿ ಒಂದು ಹೊಸ ಟೈರ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ ಊರು ಮುಟ್ಟುವಾಗ ರಾತ್ರಿ ಒಂಬತ್ತು.

ಊಟ ಆದಮೇಲೆ ಜಗಲಿಯಲ್ಲಿ ಕೂತು ಇದನ್ನೆಲ್ಲ ಹೇಳಿದರೆ ಅಮ್ಮ ನಕ್ಕರು. "ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನು ಇದ್ದನಲ್ಲ, ನಿನ್ನಜ್ಜನ ಚಪ್ಪಲಿ ನೋಡಿಯೇ ಯಜಮಾನರ ಎಡಗಾಲು ನೋಯ್ತಿರಬೇಕು ಅಂದಿದ್ದ" ಅಂದರು. ನನಗೆ ಹೇಳಬೇಕಾಗಿರುವುದು ಇಷ್ಟೇ. ಚಪ್ಪಲಿ ಒಂದೇ ಕಡೆ ಸವೆದರೆ ತಪ್ಪು ಚಪ್ಪಲಿಯದಲ್ಲ, ನಡಿಗೆಯದು. ಟೈರ್ ಅಪರಾಧಿ ಅಲ್ಲ, ಸಾಕ್ಷಿ. ನಾವು ಸಾಕ್ಷಿ ಹೇಳುವುದನ್ನು ಕೇಳದೆ ಅದನ್ನು ಗುಜರಿಗೆ ಹಾಕಿ ಕೇಸು ಮುಗಿಸುತ್ತಿದ್ದೇವೆ.

ಆ ಸಾಕ್ಷಿಯ ಭಾಷೆ ಕಷ್ಟದ್ದೇನೂ ಅಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದು ನಡು ಚೆನ್ನಾಗಿದ್ದರೆ ಗಾಳಿ ಕಡಿಮೆ. ಇಲ್ಲಿ ಸಸ್ಪೆನ್ಷನ್ ಪಾಪದ್ದು, ಅದನ್ನು ಬೈಯಬೇಡಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಅಂಟಿಸಿರುವ ಪಟ್ಟಿ ನೋಡಿ, ಟೈರ್ ತಣ್ಣಗಿರುವಾಗ ಗಾಳಿ ಹಾಕಿಸಿ.

ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಮೊದಲ ಅನುಮಾನ ಕ್ಯಾಂಬರ್ ಮೇಲೆ. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುತ್ತದಲ್ಲ, ಅದು. ತಲೆ ಒಳಕ್ಕೆ ಹೆಚ್ಚು ವಾಲಿದರೆ ಒಳ ಅಂಚು, ಹೊರಕ್ಕೆ ವಾಲಿದರೆ ಹೊರ ಅಂಚು ಸವೆಯುತ್ತದೆ.

ಅಂಗೈ ಆಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪು, ಎದುರು ದಿಕ್ಕಿನಲ್ಲಿ ಗರಗಸದ ಹಲ್ಲಿನ ಹಾಗೆ ತಗುಲಿದರೆ ಅದು ಟೋ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಮುಖವೋ ಹೊರಮುಖವೋ ಅನ್ನುವ ಲೆಕ್ಕ ಇದು. ಮೂತಿ ಹೆಚ್ಚು ಒಳಗಿದ್ದರೆ ಹೊರ ಅಂಚು, ಹೆಚ್ಚು ಹೊರಗಿದ್ದರೆ ಒಳ ಅಂಚು ಬೇಗ ಹೋಗುತ್ತದೆ. ಮೇಸ್ತ್ರಿ ಕೈ ಆಡಿಸಿ ಹುಡುಕಿದ್ದು ಇದನ್ನೇ. ಇದು ಎಷ್ಟು ದುಬಾರಿ ಅಂತ ಒಂದು ಲೆಕ್ಕ ಹಾಕಿದೆ. ಚಕ್ರ ಹೋಗಬೇಕಾದ ದಾರಿಯಿಂದ ಬರೀ ಅರ್ಧ ಡಿಗ್ರಿ ಆಚೆ ತಿರುಗಿದೆ ಅಂದುಕೊಳ್ಳಿ. ಕಾರು ನೇರ ಹೋಗುತ್ತದೆ, ಟೈರ್ ಮಾತ್ರ ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರ್ ಅಡ್ಡಡ್ಡ ಉಜ್ಜಿಸಿಕೊಳ್ಳುತ್ತದೆ. 350 ಕಿಲೋಮೀಟರ್ ಓಡಿದರೆ ಮೂರು ಕಿಲೋಮೀಟರ್ ಅಡ್ಡ ಎಳೆದ ಹಾಗೆ. ಯಾವ ರಬ್ಬರ್ ತಡೆಯುತ್ತದೆ ಹೇಳಿ?

ಇನ್ನು ಟೈರಿನ ಸುತ್ತ ಅಲ್ಲಲ್ಲಿ ಬಟ್ಟಲಿನ ಹಾಗೆ ಗುಳಿ ಬಿದ್ದಿದ್ದರೆ ಷಾಕ್ ಅಬ್ಸಾರ್ಬರ್ ಸತ್ತಿರಬಹುದು, ಇಲ್ಲವೇ ಚಕ್ರದ ಬ್ಯಾಲೆನ್ಸ್ ತಪ್ಪಿರಬಹುದು. ಚಕ್ರ ರಸ್ತೆಗೆ ಅಂಟಿಕೊಂಡು ಓಡುವ ಬದಲು ಕುಪ್ಪಳಿಸಿ ಕುಪ್ಪಳಿಸಿ ಬಿದ್ದ ಗುರುತು ಅದು.

ಈಗ ನನ್ನ ತಕರಾರಿಗೆ ಬರುತ್ತೇನೆ. ಅಲೈನ್‌ಮೆಂಟ್ ಅನ್ನುವುದು ಅಳತೆ, ಔಷಧಿಯಲ್ಲ. ಯಂತ್ರ ಅಳೆಯುವುದು ನಿಂತ ಕಾರನ್ನು. ಬುಷ್ ಹರಿದಿದ್ದರೂ ನಿಂತಾಗ ಚಕ್ರ ಯಾವುದೋ ಒಂದು ಜಾಗದಲ್ಲಿ ಕೂತಿರುತ್ತದೆ, ಆ ಜಾಗಕ್ಕೆ ತಕ್ಕ ಹಾಗೆ ಟೋ ತಿರುಗಿಸಿ ಹಸಿರು ಮಾಡುತ್ತಾರೆ. ಅಲ್ಲಿಂದ ಹೊರಟು ಮೊದಲ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಆರ್ಮ್ ಹಿಂದಕ್ಕೆ ಸರಿಯುತ್ತದೆ, ಟೋ ತಪ್ಪುತ್ತದೆ. ನಿಂತ ಕಾರು ಪಾಸು, ಓಡುವ ಕಾರು ಫೇಲು. ಬಾಲ್ ಜಾಯಿಂಟ್, ಟೈ ರಾಡ್ ತುದಿ, ವೀಲ್ ಬೇರಿಂಗ್ ಯಾವುದು ಸಡಿಲವಾಗಿದ್ದರೂ ಕತೆ ಇದೇ.

ಇನ್ನೊಂದು. ನಮ್ಮಲ್ಲಿ ಓಡುವ ಬಹುತೇಕ ಸಣ್ಣ ಕಾರುಗಳ ಮುಂದಿನ ಚಕ್ರದಲ್ಲಿ ತಿರುಗಿಸಿ ಸರಿಮಾಡಲು ಬರುವುದು ಟೋ ಒಂದೇ. ಕ್ಯಾಂಬರಿಗೆ ಕಂಪನಿಯವರು ಸ್ಕ್ರೂ ಇಟ್ಟಿರುವುದಿಲ್ಲ. ನನ್ನ ಮೂರು ಪ್ರಿಂಟುಗಳಲ್ಲಿ ಒಂದರಲ್ಲಿ ಎಡಗಡೆ ಕ್ಯಾಂಬರ್ ಕೆಂಪಗಿತ್ತು. ಕೇಳಿದ್ದಕ್ಕೆ "ಅದು ಅಡ್ಜಸ್ಟ್ ಆಗಲ್ಲ ಸಾರ್, ಬಿಡಿ" ಅಂದಿದ್ದರು. ಅಡ್ಜಸ್ಟ್ ಆಗಲ್ಲ ಅನ್ನುವುದು ನಿಜ. ಆದರೆ ತಿರುಗಿಸಲು ಬಾರದ್ದು ತಾನಾಗಿ ತಿರುಗಿದೆ ಅಂದರೆ ಏನೋ ಬಾಗಿದೆ, ಸವೆದಿದೆ, ಇಲ್ಲವೇ ಸ್ಪ್ರಿಂಗ್ ಕುಸಿದಿದೆ ಅಂತ ಅರ್ಥ ತಾನೇ? "ಬಿಡಿ" ಅನ್ನಬೇಕಾದ ಜಾಗವಲ್ಲ ಅದು, "ಹುಡುಕೋಣ" ಅನ್ನಬೇಕಾದ ಜಾಗ.

ಟೈರ್ ರೊಟೇಷನ್ನೂ ಅಷ್ಟೇ. ಎಲ್ಲ ಸರಿಯಿದ್ದಾಗ ಅದು ಒಳ್ಳೆಯ ಅಭ್ಯಾಸ. ರೋಗ ಇದ್ದಾಗ ಮಾಡಿದರೆ ಸವೆದ ಟೈರ್ ಹಿಂದಕ್ಕೆ ಹೋಗಿ ಅಡಗುತ್ತದೆ, ಮುಂದಕ್ಕೆ ಬಂದ ಒಳ್ಳೆಯ ಟೈರ್ ಸವೆಯಲು ಶುರುವಾಗುತ್ತದೆ. ಎರಡರ ಬದಲು ನಾಲ್ಕು ಟೈರ್ ಹಾಳು.

ಇಷ್ಟೆಲ್ಲ ಬರೆದು ಗ್ಯಾರೇಜಿನವರನ್ನೇ ಬೈದು ಮುಗಿಸಿದರೆ ಸುಲಭವಾಗುತ್ತದೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅರ್ಧ ತಪ್ಪು ನಮ್ಮದು. ಆ ಟೈರ್ ಅಂಗಡಿಯ ಹುಡುಗ ಅರ್ಧ ಗಂಟೆ ಕಾರಿನ ಕೆಳಗೆ ಮಲಗಿ ನೋಡಿ "ಬುಷ್ ಹೋಗಿದೆ, ನೋಡಿದ್ದಕ್ಕೆ ಐನೂರು ಕೊಡಿ" ಅಂದಿದ್ದರೆ ನಾನು ಕೊಡುತ್ತಿದ್ದೆನಾ? "ಬರೀ ನೋಡಿದ್ದಕ್ಕೆ ದುಡ್ಡಾ?" ಅಂತ ಜಗಳ ಆಡಿ ಬರುತ್ತಿದ್ದೆ. ಅದೇ ನಾನು ಆಫೀಸಿನಲ್ಲಿ ಒಂದು ಬಗ್ ಹುಡುಕಲು ಮೂರು ದಿನ ಕೂತು, ಕೊನೆಗೆ ಒಂದೇ ಒಂದು ಸಾಲು ಬದಲಿಸಿ, ತಿಂಗಳ ಕೊನೆಗೆ ಸಂಬಳ ಎಣಿಸುವವನು! ಕಣ್ಣಿಗೆ ಕಾಣುವ ವಸ್ತುವಿಗೆ ಎಂಟೂವರೆ ಸಾವಿರ ಕೊಡಲು ತಯಾರಿರುವ ನಾವು ಕಾರಣ ಹುಡುಕುವ ಬುದ್ಧಿಗೆ ಐನೂರು ಕೊಡಲು ಹಿಂದೆಮುಂದೆ ನೋಡುತ್ತೇವೆ. ಹಾಗಾಗಿ ಅಂಗಡಿಗಳು ವಸ್ತುವನ್ನೇ ಮಾರುತ್ತವೆ. ಕಡೂರಿನ ಮೇಸ್ತ್ರಿ ಲೆಕ್ಕದಲ್ಲಿ ನೋಡಿದ್ದಕ್ಕೆ ಅಂತ ಏನೂ ಹಿಡಿದಿರಲಿಲ್ಲ. ನಾನೇ ಇನ್ನೂರು ಜಾಸ್ತಿ ಕೊಟ್ಟಿದ್ದಕ್ಕೆ ಅವರಿಗೆ ಆಶ್ಚರ್ಯ. ಆ ಆಶ್ಚರ್ಯ ನೋಡಿ ನನಗೆ ನಾಚಿಕೆಯಾಯಿತು.

ಈಗ ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ, ಐದು ನಿಮಿಷದ ಕೆಲಸ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಕೆಳಗಿಳಿದು ಮುಂದಿನ ಟೈರಿನ ಒಳ ಅಂಚನ್ನು ನೋಡುತ್ತೇನೆ. ಇನ್ನೊಂದು ಕಡೆಗೂ ಹಾಗೇ. ಗೀರಿನ ತಳದಲ್ಲಿ ಅಲ್ಲಲ್ಲಿ ಪುಟ್ಟ ಉಬ್ಬು ಇರುತ್ತದೆ, ಅದರ ಎತ್ತರ 1.6 ಮಿ.ಮೀ. ರಬ್ಬರ್ ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು, ಒಂದೇ ಅಂಚಿನಲ್ಲಿ ಬಂದಿದ್ದರೂ ಸರಿ. ನಾಲ್ಕಕ್ಕೂ ಅಂಗೈ ಆಡಿಸುತ್ತೇನೆ (ಮೊದಲು ಕಣ್ಣಿನಿಂದ ನೋಡಿ, ತಂತಿ ಎದ್ದಿದ್ದರೆ ಕೈ ಸೀಳುತ್ತದೆ). ಏನಾದರೂ ಎಡವಟ್ಟು ಕಂಡರೆ ಮೊದಲು ಗಾಳಿ, ಆಮೇಲೆ ಸಸ್ಪೆನ್ಷನ್, ಕೊನೆಗೆ ಅಲೈನ್‌ಮೆಂಟ್. ಈ ಕ್ರಮ ತಪ್ಪಿದರೆ ದುಡ್ಡು ದಂಡ. ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ನೀವಾಗಿ ನುಗ್ಗಬೇಡಿ, ಆ ಕೆಲಸ ಸ್ಟ್ಯಾಂಡ್ ಇರುವವರಿಗೆ ಬಿಡಿ.

ಶಿವಮೊಗ್ಗದಲ್ಲಿ ಹಾಕಿಸಿದ ಆ ಟೈರ್ ಈಗ ಇಪ್ಪತ್ತೆರಡು ಸಾವಿರ ಕಿಲೋಮೀಟರ್ ದಾಟಿದೆ. ಒಳ ಅಂಚು, ಹೊರ ಅಂಚು ಎರಡೂ ಅಣ್ಣತಮ್ಮಂದಿರ ಹಾಗೆ ಸಮನಾಗಿ ಸವೆಯುತ್ತಿವೆ. ರಸ್ತೆಗಳು? ಹಾಗೇ ಇವೆ :-)

ಅವತ್ತು ಸೋಮವಾರ ಆಗುಂಬೆ ಇಳಿಯುವಾಗ ಜೋರು ಮಳೆ. ಅಮ್ಮ ದಾರಿಯುದ್ದಕ್ಕೂ ಮೊಮ್ಮಗಳಿಗೆ ಕತೆ ಹೇಳುತ್ತಿದ್ದರು. ನಾನು ಕತೆ ಕೇಳಲಿಲ್ಲ, ಪ್ರತಿ ತಿರುವಿನಲ್ಲೂ ಮುಂದಿನ ಎಡಚಕ್ರದ ಸದ್ದು ಕೇಳುತ್ತಿದ್ದೆ. ಟಕ್ ಅನ್ನಲಿಲ್ಲ.

ಓದಿ ಮುಗಿಸಿದ ಮೇಲೆ ಕಮೆಂಟ್ ಆಮೇಲೆ ಹಾಕುವಿರಂತೆ, ಮೊದಲು ಕೆಳಗಿಳಿದು ನಿಮ್ಮ ಕಾರಿನ ಸ್ಟೇರಿಂಗ್ ತಿರುಗಿಸಿ, ಒಳ ಅಂಚು ನೋಡಿ ಬನ್ನಿ.