ವೈದ್ಯರ ಭೇಟಿಗೂ ಒಂದು ಖಾತೆ ಬೇಕು

ಲೆಕ್ಕಪರಿಶೋಧಕರಲ್ಲಿಗೆ ನಮ್ಮ ಯಾವ ವರ್ತಕನೂ ಬರಿಗೈಯಲ್ಲಿ ಹೋಗುವುದಿಲ್ಲ. ಕಿರ್ದಿ, ಖಾತೆ, ಬಿಲ್ಲುಗಳ ಕಡತ ಎಲ್ಲವೂ ಜೊತೆಗಿರುತ್ತವೆ. ಅದೇ ವರ್ತಕ ವೈದ್ಯರಲ್ಲಿಗೆ ಮಾತ್ರ ನೆನಪೊಂದನ್ನೇ ನಂಬಿ ಹೋಗುತ್ತಾನೆ. ಬೆಳಗಿನಿಂದ ಸರದಿಯಲ್ಲಿ ಕಾದು ಒಳಹೋದರೆ ದೊರೆಯುವುದು ಕೆಲವೇ ನಿಮಿಷ. ಅದರಲ್ಲಿ ಅರ್ಧ “ಬಿಳಿ ಮಾತ್ರೆ, ಹೆಸರು ಮರೆತಿದೆ” ಎನ್ನುವುದರಲ್ಲೇ ಕಳೆಯುತ್ತದೆ. ನಮ್ಮ ನೌಕರರ ಪಾಡೂ ಇದೇ. ಅವರಿಗೆ ಒಂದು ದಿನದ ಕೂಲಿಯೂ ನಷ್ಟ.

ಹಳೆಯ ಕಾಯಿಲೆ, ನಡೆದ ಶಸ್ತ್ರಚಿಕಿತ್ಸೆ, ಸೇವಿಸುತ್ತಿರುವ ಔಷಧಿ, ಒಗ್ಗದ ಔಷಧಿ ಇವುಗಳನ್ನು ಭೇಟಿಗೆ ಮುನ್ನವೇ ಮೊಬೈಲಿನಲ್ಲಿ ಭರ್ತಿಮಾಡಿ ವೈದ್ಯರಿಗೆ ತಲುಪಿಸುವ ಪದ್ಧತಿ ಇದಕ್ಕೊಂದು ಪರಿಹಾರ. ಮನೆಯಲ್ಲಿ ಮಾತ್ರೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆದ ಉತ್ತರ, ಗಡಿಬಿಡಿಯಲ್ಲಿ ನೀಡಿದ ಉತ್ತರಕ್ಕಿಂತ ಮೇಲಲ್ಲವೇ?

ಕೇಂದ್ರ ಸರ್ಕಾರವು 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಮೂಲಕ 14 ಅಂಕಿಗಳ ‘ಆಭಾ’ ಸಂಖ್ಯೆ ದೊರೆಯುತ್ತದೆ. ಹೊರರೋಗಿ ವಿಭಾಗದಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಂದಾಯಿಸುವ ಸೌಲಭ್ಯ 2022ರಲ್ಲಿ ಬಂದಿತು. ಸಂತೋಷವೇ. ಆದರೆ ಆ ಸ್ಕ್ಯಾನ್‌ನಿಂದ ಆಸ್ಪತ್ರೆಗೆ ತಲುಪುವುದು ಹೆಸರು, ವಯಸ್ಸು, ವಿಳಾಸದಂತಹ ವಿವರಗಳು. ಚೀಟಿಯ ಸಾಲು ಕರಗಬಹುದು; ರೋಗದ ಕಥೆಯನ್ನು ಕೇಳುವ ಕೆಲಸ ಉಳಿದೇ ಇರುತ್ತದೆ.

ಆ ಕಥೆಯನ್ನು ಕೇಳಬೇಕಾದುದು ನಮ್ಮ ನೆಲದ ಪ್ರಶ್ನೆಗಳಿಂದ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಜ್ವರದಿಂದ ಬಂದವರನ್ನು “ಇತ್ತೀಚೆಗೆ ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತೇ, ಸುತ್ತಮುತ್ತ ಮಂಗ ಸತ್ತಿತ್ತೇ” ಎಂದು ಕೇಳದ ನಮೂನೆ ಮಲೆನಾಡಿಗೆ ಅಪೂರ್ಣ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಇಂದಿಗೂ ಎರಕದ ಘಟಕಗಳು ಈ ಭಾಗದ ಅನೇಕರಿಗೆ ಅನ್ನ ನೀಡುತ್ತಿವೆ. ಎರಕದ ಮರಳಿನ ದೂಳಿನಿಂದ ಬರುವ ಸಿಲಿಕೋಸಿಸ್ ಸಾಮಾನ್ಯವಾಗಿ ಹಲವು ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಕ್ಷಯವೆಂದು ತಪ್ಪು ತಿಳಿಯುವ ಸಂಭವವೂ ಉಂಟು. ಆದ್ದರಿಂದ ಇಂದಿನ ಉದ್ಯೋಗವನ್ನಷ್ಟೇ ಕೇಳಿದರೆ ಸಾಲದು, ಹಿಂದಿನ ಉದ್ಯೋಗಗಳನ್ನೂ ಕೇಳಬೇಕು. ರೋಗಿಯ ಕಸುಬು ಯಾವುದೆಂದು ಕೇಳಿರೆಂದು ಇಟಲಿಯ ವೈದ್ಯ ರಾಮಾಜ್ಜಿನಿ ಮುನ್ನೂರು ವರ್ಷಗಳ ಹಿಂದೆಯೇ ವೈದ್ಯರಿಗೆ ತಿಳಿಹೇಳಿದ್ದನು.

ಇಲ್ಲಿ ಉದ್ಯಮಿಗಳಾದ ನಾವು ಒಂದು ಎಚ್ಚರಿಕೆಯನ್ನು ನಮಗೇ ಹೇಳಿಕೊಳ್ಳಬೇಕು. ನಮೂನೆ ತುಂಬಲು ನೌಕರನಿಗೆ ನೆರವಾಗುವುದು ಬೇರೆ, ಅದನ್ನು ನಾವು ಇಟ್ಟುಕೊಳ್ಳುವುದು ಬೇರೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಎದೆನೋವು ಎಂಬುದು ಮಾಲೀಕನ ಕಡತ ಸೇರಿದರೆ ಕೆಲಸ ಹೋದೀತೆಂಬ ಭಯ ಹುಟ್ಟುತ್ತದೆ. ಭಯದಿಂದ ಸುಳ್ಳು ಉತ್ತರ ಹುಟ್ಟುತ್ತದೆ. ಸುಳ್ಳು ಬರೆದ ನಮೂನೆ, ಬರೆಯದ ನಮೂನೆಗಿಂತ ಅಪಾಯಕಾರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರಲಿವೆ. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲಿ ಪಡೆಯುವ ಅವಕಾಶವೂ ಅದರಲ್ಲಿದೆ. ಕಾನೂನಿಗೆ ಕಾಯದೆ ನಾವೇ ಮೇಲ್ಪಂಕ್ತಿ ಹಾಕಬಾರದೇಕೆ?

ಆದುದರಿಂದ ಒಂದು ಸಲಹೆ. ನಮ್ಮ ಸಂಸ್ಥೆಯು ಶಿವಮೊಗ್ಗ ಮತ್ತು ಭದ್ರಾವತಿಯ ವೈದ್ಯರೊಡನೆ ಕುಳಿತು ಒಂದೇ ಪುಟದ ಕನ್ನಡ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಲಿ. ಅದು ಮೊಬೈಲಿನಲ್ಲಿಯೂ ಇರಲಿ, ಓದುಬರಹ ಅರಿಯದವರಿಗಾಗಿ ಕಾಗದದಲ್ಲಿಯೂ ಇರಲಿ. ಬರೆದುಕೊಡುವವರನ್ನು ನೌಕರನೇ ಆರಿಸಿಕೊಳ್ಳಲಿ. ಉತ್ತರ ಮಾತ್ರ ರೋಗಿಯಿಂದ ನೇರವಾಗಿ ವೈದ್ಯರಿಗೆ ಹೋಗಲಿ. ಖರ್ಚು ಅಲ್ಪ, ಉಳಿಯುವುದು ಅಪಾರ. ಲೆಕ್ಕ ಬಲ್ಲ ವರ್ತಕ ಬಾಂಧವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.