ಎರಡನೇ ಕತ್ತರಿಗೆ ಮುನ್ನ

ಐದು ವರ್ಷದ ಹಿಂದೆ ಹೈದರಾಬಾದಿನಲ್ಲಿ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಜಠರದ ಮುಕ್ಕಾಲು ಭಾಗ ಹೋಯಿತು, ತೂಕ 34 ಕಿಲೋ ಇಳಿಯಿತು. ಕೆಲಸ ಪುಣೆಗೆ ಬದಲಾಯಿತು, ತಪಾಸಣೆ ನಿಂತಿತು. ಈಗ 22 ಕಿಲೋ ಮರಳಿದೆ.

ಊರಿಗೆ ಹೋದರೆ, ‘ಅಷ್ಟು ದುಡ್ಡು ಸುರಿದು ಏನು ಬಂತು?’ ಎನ್ನುತ್ತಾರೆ. ಆ ನಾಚಿಕೆಗೇ ಬೈಪಾಸ್ ಮಾಡಿಸಲು ಹೊರಟಿದ್ದೆ. ವೈದ್ಯರು ತಡೆದರು: ‘ಎರಡನೆಯದರಲ್ಲಿ ಅಪಾಯ ಹೆಚ್ಚು. ಬಿ12, ಕಬ್ಬಿಣದ ಮಾತ್ರೆ ಜೀವನಪೂರ್ತಿ ಬೇಕು. ಮೊದಲು ಎಂಡೋಸ್ಕೋಪಿ ಆಗಲಿ, ಆಹಾರ ತಜ್ಞರನ್ನು ಕಾಣಿ.’

ಬೊಜ್ಜು ದೀರ್ಘಕಾಲದ ಕಾಯಿಲೆ. ತೂಕ ಮರಳುವುದು ನಡತೆಯ ದೋಷವಲ್ಲ. ಮರುಶಸ್ತ್ರಚಿಕಿತ್ಸೆ ಕೆಲವರಿಗೆ ನಿಜಕ್ಕೂ ಬೇಕು. ಆದರೆ ಅದನ್ನು ತಪಾಸಣೆಯ ವರದಿ ಹೇಳಲಿ, ನೆಂಟರ ಮಾತಲ್ಲ. ಊರು ಬದಲಿಸುವ ನಾವು ಗ್ಯಾಸ್ ಸಂಪರ್ಕದಷ್ಟೇ ಜೋಪಾನವಾಗಿ ಚಿಕಿತ್ಸೆಯನ್ನೂ ವರ್ಗಾಯಿಸಿಕೊಳ್ಳೋಣ.