ದೀಪಾಲಂಕಾರವೂ ಹಿಂಸೆಯೇ

ಬೀದರಿನ ನೌಬಾದದಲ್ಲಿ ಬಹಮನಿ ಕಾಲದ ಸುರಂಗಬಾವಿಯಿದೆ. ಅಂಥ ನೀರಿನಾಸರೆಯ ತೇವದ ನೆಲವೇ ಮಿಂಚುಹುಳುವಿನ ಮರಿಗಳಿಗೆ ಆಶ್ರಯ. ಲೂಸಿಫೆರಿನ್ ಎಂಬ ದ್ರವ್ಯವು ಆಮ್ಲಜನಕದೊಡನೆ ಸೇರಿದಾಗ ಈ ಜೀವಿಯ ಒಡಲಲ್ಲಿ ತಣ್ಣನೆಯ ಬೆಳಕು ಹುಟ್ಟುತ್ತದೆ. ಆ ಬೆಳಕೇ ಗಂಡುಹೆಣ್ಣುಗಳ ಪರಸ್ಪರ ಕರೆ. ಚಾತುರ್ಮಾಸದಲ್ಲಿ ಬಸದಿಯ ಶಿಖರಕ್ಕೆ ಬೆಳಗಿನವರೆಗೂ ಫ್ಲಡ್‌ಲೈಟ್ ಹಾಯಿಸಿದರೆ ಆ ಕರೆ ಕಾಣದು, ಸಂತತಿ ಕ್ಷೀಣಿಸುವುದು.

"ದೀಪವು ಯಾರನ್ನೂ ಕೊಲ್ಲದು" ಎಂಬ ಸಮಾಧಾನ ಸಲ್ಲದು. ದೀಪಕ್ಕೆ ಮುಗಿಬೀಳುವ ಕೀಟಗಳ ಪ್ರಾಣಹಾನಿಗೆ ಅಂಜಿ ರಾತ್ರಿಭೋಜನವನ್ನು ತ್ಯಜಿಸಿದ ಶ್ರಾವಕರು, ಜಿನಾಲಯದ ಹೆಸರಿನಲ್ಲಿ ಅದೇ ದೀಪವನ್ನು ನೂರ್ಮಡಿಯಾಗಿ ಉರಿಸುವುದು ಯಾವ ವ್ರತ? ಚತುರಿಂದ್ರಿಯ ಜೀವದ ಬಾಳುವೆ ಕೆಡಿಸುವುದೂ ಪ್ರಮಾದವೇ. ವಿದ್ಯುತ್ ಬಿಲ್ಲನ್ನು ಲೆಕ್ಕಕ್ಕೆ ಹಿಡಿಯುವ ಟ್ರಸ್ಟುಗಳು ಈ ಹಾನಿಯನ್ನೂ ಖರ್ಚಿಗೆ ಬರೆಯಲಿ. ಸಂಜೆಯ ಆರತಿ ಮುಗಿದೊಡನೆ ಹೊರದೀಪಗಳು ಆರಲಿ. ಗರ್ಭಗೃಹದ ನಂದಾದೀಪವೇ ಸಾಕು.